ನಾಲ್ಕನೆಯ ತಿನಿಸಿಗೆ ಐದು ಸೆಂಟು

ಕಪ್ಪು ರಟ್ಟಿನ ನಡಾವಳಿ ಪುಸ್ತಕ ಈಗ ನನ್ನ ಮಡಿಲಲ್ಲಿ.
ಬೆನ್ನು ಹರಿದಲ್ಲಿ ಯಾರೋ ಹಿಟ್ಟಿನ ಚೀಲದ ತುಂಡು ಹಚ್ಚಿ
ದಪ್ಪ ದಾರದಲ್ಲಿ ಹೊಲಿದಿದ್ದಾರೆ.
ಮೊದಲ ಪುಟ: ಸಾವಿರದ ಒಂಬೈನೂರ ಹನ್ನೊಂದು, ನವೆಂಬರ್,
ಉತ್ತರ ಡಕೋಟಾದ ಬಯಲು, ಒಂದೇ ಕೋಣೆಯ ಶಾಲೆ.
ಹದಿಮೂರು ಹೆಂಗಸರು, ಒಂದು ಒಲೆ. ಕುರ್ಚಿ ಸಾಲದೆ
ಮಕ್ಕಳ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿ ಕೂತರು.

"ಹೆಸರು: ನೆರೆಹೊರೆಯ ಗುರುವಾರ ಕೂಟ.
ಉದ್ದೇಶ:"
ಇಲ್ಲಿ ಶಾಯಿ ಚೆಲ್ಲಿದೆ.
ಉದ್ದೇಶ ಏನೆಂದು ನಮಗೆ ಇಂದಿಗೂ ಗೊತ್ತಿಲ್ಲ.

ನಿಯಮ ಮಾತ್ರ ಸ್ಪಷ್ಟ.
ಕಾಫಿಯ ಜೊತೆ ಮೂರೇ ತಿನಿಸು; ನಾಲ್ಕನೆಯದಕ್ಕೆ ಐದು ಸೆಂಟು ದಂಡ,
ಇಲ್ಲದವಳು ಉಳ್ಳವಳ ಮುಂದೆ ತಲೆ ತಗ್ಗಿಸಬಾರದೆಂದು.
ಟೋರ್ಬೋರ್ಗ್ ಹೌಗೆನ್, ತನ್ನ ಸರದಿ ಬಂದಾಗಲೆಲ್ಲ,
ಮೊದಲು ನಾಣ್ಯವನ್ನು ಮೇಜಿಗೆ ಟಣ್ಣೆನಿಸಿ
ಆಮೇಲೆ ಏಲಕ್ಕಿ ಬ್ರೆಡ್ಡಿನ ಬಟ್ಟೆ ಬಿಚ್ಚುವಳು.
ಹತ್ತೊಂಬತ್ತು ವರ್ಷ ಅದೇ ಸಾಲು: "ದಂಡ, ಟೋರ್ಬೋರ್ಗ್, ಐದು."
ಆ ಡಬ್ಬಿಯ ದುಡ್ಡಿನಲ್ಲಿ ಒಬ್ಬ ಹುಡುಗನಿಗೆ ಕನ್ನಡಕ ಬಂತು.
ಹಾಕಿಕೊಂಡು ಹೊಲದ ಅಂಚಿಗೆ ಓಡಿದವನು
"ಗೋಧಿಗೆ ಮೀಸೆ ಇದೆ!" ಎಂದು ಕೂಗಿದನಂತೆ.

ಹದಿನೆಂಟರ ಜ್ವರದ ಪುಟಗಳಲ್ಲಿ
ಕೈಬರಹ ಮೂರು ಸಲ ಬದಲಾಗಿದೆ. ಕಾರಣ ಬರೆದಿಲ್ಲ.
ಬರೆದದ್ದು ಇಷ್ಟು: ಬ್ರೆಡ್ಡು ಎಪ್ಪತ್ತೆರಡು, ಸಾರು ಒಂಬತ್ತು ಪಾತ್ರೆ,
ಹೊದಿಸಲು ಬಿಳಿ ಬಟ್ಟೆ, ಗಜದ ಲೆಕ್ಕದಲ್ಲಿ.
ಎರಡು ಕಡೆ ಲೆಕ್ಕ ತೀರ ಚಿಕ್ಕದು.

ಇಪ್ಪತ್ತಾರು, ಜನವರಿ ಏಳು:
"ಈ ವಾರದ ಸಭೆ ಹೋಕನ್ ಕ್ವಾಮೆಯ ಮನೆಯಲ್ಲಿ.
ಅವನ ಹೆಂಡತಿ ಗುನ್‌ವೋರ್ ಸದಸ್ಯೆಯಲ್ಲ. ಕರೆ ಇರಲಿಲ್ಲ.
ಹಾಜರು ಒಂಬತ್ತು. ಹೆಣಿಗೆ. ಕಾಫಿ ನಾವೇ ಒಯ್ದೆವು.
ದೀಪ ಹಚ್ಚುವ ಹೊತ್ತಿಗೆ ಎದ್ದೆವು."
ಹದಿನಾಲ್ಕು: ಅದೇ ಮನೆ. ಇಪ್ಪತ್ತೊಂದು: ಅದೇ ಮನೆ.
ಹಿಮಗಾಳಿಯ ದಿನವೂ, ಜಾರುಬಂಡಿ ಕಟ್ಟಿಸಿ, ಅದೇ ಮನೆ.
ಹನ್ನೊಂದು ಗುರುವಾರ.

ಪುಸ್ತಕದಲ್ಲಿಲ್ಲದ್ದನ್ನು ಅಜ್ಜಿ ಬೋರ್ಗಿಲ್ಡ್ ಹೇಳಿದ್ದಳು:
ಗುನ್‌ವೋರಳ ಕೈಮೂಳೆ ಎರಡು ಸಲ ಮುರಿದಿತ್ತು,
ಎರಡು ಸಲವೂ ಬಾವಿಯ ಬಳಿ ಜಾರಿದೆ ಎಂದಿದ್ದಳು.
ಯಾರೂ ಏನೂ ಕೇಳಲಿಲ್ಲ. ಒಂಬತ್ತು ಜೊತೆ ಕಡ್ಡಿ
ಟಿಕ್ ಟಿಕ್ ಎನ್ನುತ್ತ ಅವನ ಸುತ್ತ ಹೆಣೆಯುತ್ತಿದ್ದವು.
ಕೊಟ್ಟಿಗೆಗೆ ಹೋದರೆ ಒಬ್ಬಳು ಹಾಲು ಕೇಳಿಕೊಂಡು ಹಿಂದೆಯೇ,
ಒಳಗೆ ಬಂದರೆ ಒಬ್ಬಳು ಎದ್ದು ಕುರ್ಚಿ ಬಿಟ್ಟುಕೊಟ್ಟು
ಅವನ ಪಕ್ಕದಲ್ಲೇ ನಿಂತು.
ಹನ್ನೆರಡನೆಯ ವಾರ: "ಗುನ್‌ವೋರ್ ಸದಸ್ಯೆಯಾದಳು. ಎರಡು ತಿನಿಸು ತಂದಳು."
ಅವನು ಒಳ್ಳೆಯವನಾದನೇ ಅಜ್ಜಿ, ಎಂದರೆ
ಕಡ್ಡಿಯಿಂದ ಕಣ್ಣೆತ್ತದೆ ಅಂದಳು: "ಹುಷಾರಾದ."

ಹಾಗೆಂದು ನಮ್ಮನ್ನು ದೇವತೆಗಳ ಸಾಲಿಗೆ ಸೇರಿಸಬೇಡಿ.
ಮೂವತ್ತೊಂದರಲ್ಲಿ ನಜ್ಲಾ, ಸಿರಿಯಾದಿಂದ ಬಂದು
ಪಕ್ಕದಲ್ಲೇ ಉತ್ತು ಬಿತ್ತುತ್ತಿದ್ದವಳು,
ತಾನೂ ಸೇರಬಹುದೇ ಎಂದು ಬಾಗಿಲಲ್ಲಿ ನಿಂತು ಕೇಳಿದಾಗ
ಬೇಡ ಎಂದವರು ಏಳು, ಬೇಕು ಎಂದವರು ಆರು.
ಕಾರಣದ ಜಾಗದಲ್ಲಿ ಮತ್ತೆ ಶಾಯಿ.
ಈ ಸಲ ಚೆಲ್ಲಿದ್ದಲ್ಲ, ಬಳಿದದ್ದು.
ಬೆಳಕಿಗೆ ಹಿಡಿದು ನೋಡಿದ್ದೇನೆ; ಚೆನ್ನಾಗಿಯೇ ಬಳಿದಿದ್ದಾರೆ.
ಅಜ್ಜಿ ಯಾವ ಕಡೆಗೆ ಕೈ ಎತ್ತಿದ್ದಳೋ
ಕೇಳುವ ಧೈರ್ಯ ನನಗೆ ಬಂದಾಗ ಅವಳಿರಲಿಲ್ಲ.

ಈಗ ನಾವು ನಾಲ್ವರು. ಒಬ್ಬಳಿಗೆ ಕಿವಿ ಇಲ್ಲ,
ಒಬ್ಬಳಿಗೆ ಕಾರು ಓಡಿಸಲು ಮಗಳ ಅಪ್ಪಣೆ ಇಲ್ಲ.
ಖಾತೆಯಲ್ಲಿ ಇನ್ನೂರ ಹನ್ನೆರಡು ಡಾಲರು:
ಊರಿನ ಆಂಬುಲೆನ್ಸಿನ ಟೈರಿಗೆ.
ಕಾಫಿಯ ದೊಡ್ಡ ಹಂಡೆ: ಬೇಕಾದವರಿಗೆ.
ಕೂಟ ಮುಚ್ಚುವ ಸೂಚನೆ ಮಂಡಿಸಿದವಳು ಆರ್ಡಿಸ್.
ಅನುಮೋದಿಸಲು ಯಾರೂ ಬಾಯಿ ತೆರೆಯಲಿಲ್ಲ;
ಬಾಯಿ ತುಂಬ ಬ್ರೆಡ್ಡಿತ್ತು, ಏಲಕ್ಕಿಯದು,
ನಾನು ತಂದದ್ದು, ಮೇಜಿನ ಮೇಲೆ ನಾಲ್ಕನೆಯದು.
ಐದು ಸೆಂಟಿನ ನಾಣ್ಯ ಯಾರ ಕೈಚೀಲದಲ್ಲೂ ಸಿಗಲಿಲ್ಲ.
ಕಾರ್ಯದರ್ಶಿ ನಾನೇ; ಬರೆದುಕೊಂಡೆ:
"ದಂಡ, ಐದು. ಬಾಕಿ."