ದಾರ ಕಟ್ಟಿದ ಪೆನ್ನು

ಮಡಿಕೇರಿಯ ಆರ್‌ಟಿಒ ಕಚೇರಿ, ಮೂರನೇ ಕಿಟಕಿ.
ಒಳಗೆ ನಾನು, ಹೊರಗೆ ಸಾಲು.
ಹೆಸರು, ಮನೆತನದ ಹೆಸರು, ರಕ್ತದ ಗುಂಪು,
ಮೈಮೇಲಿನ ಗುರುತು: ಎಡಹುಬ್ಬಿನಲ್ಲಿ ಮಚ್ಚೆ,
ಮೊಣಕೈಯಲ್ಲಿ ಕತ್ತಿ ತಾಗಿದ ಗೀರು.
ಎಲ್ಲಕ್ಕೂ ಕೆಳಗೆ, ಸಣ್ಣಕ್ಷರದಲ್ಲಿ,
ಅಪಘಾತದಲ್ಲಿ ತೀರಿಕೊಂಡರೆ ಅಂಗಾಂಗ ಕೊಡಲು ಒಪ್ಪಿಗೆಯೇ?
ಹೌದಿಗೊಂದು ಚೌಕ, ಇಲ್ಲಕ್ಕೊಂದು.

ಗಾಡಿ ಕಲಿತ ಖುಷಿಯಲ್ಲಿ ಬಂದವರ ಎದುರು
ಸಾವಿನ ಮಾತು ತೆಗೆಯುವುದು ಹೇಗೆ?
ಕೇಳಲಿಲ್ಲ. ಕೇಳದೆಯೇ 'ಇಲ್ಲ' ಒತ್ತಿದೆ,
ಹನ್ನೊಂದು ವರ್ಷ.
ಊಟಕ್ಕೆ ಮೊದಲು ಮೂವತ್ತು ಇಲ್ಲ,
ಊಟವಾದ ಮೇಲೆ ಇಪ್ಪತ್ತು.

ಮಾರ್ಚಿನಲ್ಲಿ ಚೇರಂಬಾಣೆಯಿಂದ ಚೋಂದವ್ವ ಬಂದರು.
ಮಗನ ಪಿಕಪ್ ತಮ್ಮ ಹೆಸರಿಗಾಗಬೇಕು.
ಆರ್‌ಸಿ, ಎರಡು ಫೋಟೊ, ಮರಣ ಪತ್ರ,
ಒಂದರ ಮೇಲೊಂದು ಅಂಚು ಕೂಡಿಸಿ ಇಟ್ಟರು.
ಅವರ ಚೀಲಕ್ಕೆ ಕರಿಮೆಣಸಿನ ವಾಸನೆ.

"ಕಾಟಕೇರಿ ತಿರುವು," ಎಂದರು, ನಾನು ಕೇಳುವ ಮೊದಲೇ.
"ಮೈಸೂರಿನಲ್ಲಿ ಎರಡು ದಿನ ಇದ್ದ.
ತಲೆ ನಿಂತಿದೆ, ಎದೆ ಮಾತ್ರ ಯಂತ್ರದಲ್ಲಿ ಹೊಡೆಯುತ್ತಿದೆ, ಅಂದರು.
ಆಮೇಲೆ ಒಬ್ಬಳು ಹುಡುಗಿ ಬಂದು ನೆಲದ ಮೇಲೆ ನನ್ನ ಪಕ್ಕ ಕೂತು ಕೇಳಿದಳು.
ಮಾವಂದಿರು ಕೂಗಾಡಿದರು:
ಕಾರಣವರ ಮುಂದೆ ಅರ್ಧ ಆಳಾಗಿ ನಿಲ್ಲುವುದಾ ಅವನು?
ಕಣ್ಣಿಲ್ಲದೆ ದಾರಿ ಹೇಗೆ ಕಾಣುತ್ತಾನೆ?
ನಾನು ಒಂದೇ ಮಾತು ಹೇಳಿದೆ.
ನಾಚಪ್ಪ ಲೈಸೆನ್ಸ್ ಮಾಡಿಸಿದ ರಾತ್ರಿ, ಕಡಂಬುಟ್ಟು ಮುರಿಯುತ್ತಾ ಹೇಳಿದ್ದ,
'ಅವ್ವ, ನಾನು ಹೌದು ಅಂತ ಹಾಕಿ ಬಂದೆ.'
ಸರ್ಕಾರದ ಕಂಪ್ಯೂಟರಿನಲ್ಲಿದೆ ಅಂದೆ. ಎಲ್ಲರೂ ಸುಮ್ಮನಾದರು."

ಸಿಗ್ನಲ್ಲೇ ಇಲ್ಲದ ರಸ್ತೆಗಳ ಹುಡುಗ.
ಅವನ ಹೃದಯ ಹೊರಟಾಗ
ಊರಿಡೀ ಹಸಿರು ದೀಪವಂತೆ, ಪೊಲೀಸರೇ ದಾರಿ ಬಿಡಿಸಿದರಂತೆ.
ಇದನ್ನು ಹೇಳುವಾಗ ಆ ತಾಯಿ ಸ್ವಲ್ಪ ನಕ್ಕರು.

"ಆ ಒಂದು ಸಾಲು ಪ್ರಿಂಟ್ ತೆಗೆದು ಕೊಡು ಮೋಳೆ.
ಗೋಡೆಗೆ ಹಾಕುತ್ತೇನೆ."

ತೆರೆ ತೆರೆಯಿತು. ಅವನ ಫೋಟೊ, ಅವನ ಸಹಿ,
ಅದರ ಕೆಳಗೆ ನನ್ನ 'ಇಲ್ಲ'.

ಪ್ರಿಂಟರ್ ಕೆಟ್ಟಿದೆ ಎಂದೆ.
ನಾಲ್ಕು ಹೆಜ್ಜೆ ಆಚೆ ಅದು
ಯಾರದೋ ಪರ್ಮಿಟ್ಟನ್ನು ಕರಕರ ಉಗುಳುತ್ತಿತ್ತು.

ಹಳೆಯ ಕಡತಗಳ ಕೋಣೆ. ಬೂಷ್ಟು, ಬೆಳ್ಳಿಹುಳ,
ಕೆಂಪು ಟೇಪಿನ ಕಟ್ಟುಗಳು.
ಮುಕ್ಕಾಲು ಗಂಟೆಗೆ ಅವನ ಅರ್ಜಿ ಸಿಕ್ಕಿತು.
ಎರಡು ಚೌಕವೂ ಖಾಲಿ.
ಬೆವರಿದೆ. ಕಾಗದವನ್ನು ಕಿಟಕಿಯ ಬೆಳಕಿಗೆ
ಓರೆ ಹಿಡಿದಾಗ ಕಂಡದ್ದು:
ಹೌದಿನ ಚೌಕದಲ್ಲಿ ಶಾಯಿಯಿಲ್ಲದ ಗೀರು,
ಎರಡು ಸಲ ಒತ್ತಿ ಎಳೆದದ್ದು,
ಕಾಗದ ಹರಿಯುವಷ್ಟು.

ಪೆನ್ನು ನನ್ನದೇ. ಕದ್ದೊಯ್ಯಬಾರದೆಂದು
ಕಿಟಕಿಯ ಸರಳಿಗೆ ದಾರ ಕಟ್ಟಿದ್ದು.
ಬರೆಯುತ್ತಿಲ್ಲ ಮೇಡಂ ಎಂದು ಎಷ್ಟೋ ಜನ ಹೇಳಿದ್ದರು,
ಅವನೂ ಹೇಳಿರಬಹುದು.

ಚೋಂದವ್ವನಿಗೆ ಎಲ್ಲ ಹೇಳಿದೆ. ಎಲ್ಲ ಅಂದರೆ ಎಲ್ಲ.
ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ.
ಕಾಗದ ತೆಗೆದುಕೊಂಡು, ತೋರುಬೆರಳಿನಿಂದ
ಆ ಗೀರನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಸವರಿದರು,
ಮಗುವಿನ ಹುಬ್ಬು ತೀಡುವ ಹಾಗೆ.
"ಹಿಂದಿನಿಂದಲೇ ಅವನು ಒತ್ತಿ ಬರೆಯುವುದು," ಎಂದರು,
"ಸ್ಲೇಟು ಎಷ್ಟು ಒಡೆದಿದ್ದಾನೆ."

ಈಗ ಪೆನ್ನುಗಳನ್ನು ನಾನೇ ತರುತ್ತೇನೆ, ಡಬ್ಬಿಗಟ್ಟಲೆ.
ಹೋದರೆ ಹೋಗಲಿ, ದಾರ ಇಲ್ಲ.
ಈಗ ಬಾಯಿಬಿಟ್ಟು ಕೇಳುತ್ತೇನೆ, ಒಬ್ಬೊಬ್ಬರನ್ನೂ.
ಸಾಲು ಬೆಳೆಯುತ್ತದೆ, ಸಾಹೇಬರು ಗಡಿಯಾರ ನೋಡುತ್ತಾರೆ.

ಇವತ್ತು ಮೂರ್ನಾಡಿನ ಅಜ್ಜನೊಬ್ಬ, ರಿನ್ಯೂವಲ್ಲಿಗೆ.
ಕೋವಿಗೆ ಬೇಡದ ಲೈಸೆನ್ಸು
ಈ ಮುದಿ ಜೀಪಿಗೆ ಯಾಕಮ್ಮಾ ಎಂದು ನಗಿಸಿದ.
ಕೇಳಿದೆ. ನಗು ನಿಂತಿತು.
"ನನ್ನದೆಲ್ಲ ಹಳೇ ಸಾಮಾನು," ಎಂದ. "ಆಗುತ್ತದಾ?"
ಕಣ್ಣು ಆಗುತ್ತದೆ ಅಜ್ಜಾ, ಎಂದೆ.
ಕನ್ನಡಕ ತೆಗೆದ. ಅಂಗಿಯಲ್ಲಿ ಒರೆಸಿದ. ಇನ್ನೂ ಒರೆಸುತ್ತಿದ್ದಾನೆ.
ಹಿಂದೆ ಯಾರೋ ಕೆಮ್ಮಿದರು.
ನಾನು ಕಾಯುತ್ತಿದ್ದೇನೆ.