ಐದು ಲೀಟರು

ಬೆಕಾ ಕಣಿವೆಯಲ್ಲಿ ಜನವರಿ ಅಂದರೆ
ಸೀಮೆಸುಣ್ಣ ಕೂಡ ಕೈಗೆ ಚಳಿ ಹತ್ತಿಸುವ ತಿಂಗಳು.
ನಮ್ಮ ಶಾಲೆಯಲ್ಲಿ ಕೋಣೆಗೆ, ದಿನಕ್ಕೆ, ಐದು ಲೀಟರು ಡೀಸೆಲ್.
ನಡುವೆ ನಿಂತ ಕಬ್ಬಿಣದ ಒಲೆ ಅದನ್ನು ಕುಡಿಯುತ್ತದೆ.
ಬೆಳಗಿನ ಪಾಳಿ ನಮ್ಮೂರ ಮಕ್ಕಳದು.
ಗಂಟೆ ಬಾರಿಸಿ ಇವರು ಹೊರಬಿದ್ದ ಮೇಲೆ
ಆಲೂಗಡ್ಡೆ ಹೊಲದ ಡೇರೆಗಳಿಂದ ಅವರು ಬರುತ್ತಾರೆ,
ಸಿರಿಯಾದವರು,
ಶೂಗೆ ಮೆತ್ತಿದ ಕೆಸರನ್ನು ಮೆಟ್ಟಿಲಿಗೆ ಉಜ್ಜುತ್ತ.
ಅದೇ ಬೆಂಚು, ಅದೇ ಕರಿಹಲಗೆ, ಅದೇ ನಾನು,
ಆರಿದ ಒಲೆ.

ಬೈರೂತಿನಿಂದ ಸುತ್ತೋಲೆ ಬಂದಿತ್ತು:
ಮಕ್ಕಳಲ್ಲಿ ಸಹಾನುಭೂತಿ ಬೆಳೆಸತಕ್ಕದ್ದು.
ವಾರಕ್ಕೊಂದು ಪೀರಿಯಡ್ಡು. ಜೊತೆಗೊಂದು ಚಿತ್ರಪಟ:
ಭೂಗೋಳದ ಸುತ್ತ ಕೈ ಕೈ ಹಿಡಿದ ಮಕ್ಕಳು,
ಒಬ್ಬರಿಗೂ ನೆಗಡಿಯಿಲ್ಲ.
ಮೊಳೆ ಹೊಡೆದು ತೂಗುಹಾಕಿದೆ.
ಹೊಡೆಯುತ್ತಿದ್ದಾಗ ಅಣ್ಣ ನೆನಪಾದ.

ಅವರ ದೇಶದ ಸಿಪಾಯಿಗಳು ಅವನನ್ನು
ಬಸ್ಸಿನಿಂದ ಇಳಿಸಿಕೊಂಡಾಗ ನಾನು ಆರನೇ ಕ್ಲಾಸು.
ಅವನ ಸೈಕಲ್ಲಿನ ಚೈನಿಗೆ
ಅಮ್ಮ ಇವತ್ತಿಗೂ ಎಣ್ಣೆ ಬಿಡುತ್ತಾಳೆ.
ಸುತ್ತೋಲೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ಮಧ್ಯಾಹ್ನದವರಿಗೆ ನಾನು ಭಾಗಾಕಾರ ಕಲಿಸಿದೆ,
ತೂಕದಲ್ಲಿ ಮೋಸ ಮಾಡದ ಅಂಗಡಿಯವಳ ಹಾಗೆ.
ಹೆಸರು ಮಾತ್ರ ಕರೆಯಲಿಲ್ಲ.
ತಲೆ ಎಣಿಸಿ ಬರೆದುಕೊಂಡೆ. ಏ ಕಿಟಕಿ ಪಕ್ಕದವನೇ, ಅಂದೆ,
ಏ ಕೆಂಪು ಟೋಪಿ.

ಆಮೇಲೊಂದು ಬೆಳಿಗ್ಗೆ, ಮೂರನೇ ಬೆಂಚಿನ ತಕ್ಲಾ
ಏನನ್ನೋ ಎರಡು ಬೆರಳಲ್ಲಿ ಹಿಡಿದು ತಂದಳು.
‘ಮಿಸ್, ನನ್ನ ಜಾಗದಲ್ಲಿತ್ತು. ನಂದಲ್ಲ.’
ಕಾಲುಚೀಲ. ಬೂದು ಬಣ್ಣದ್ದು.
ತುದಿಯಲ್ಲಿ ಕತ್ತರಿಯಿಂದ ಕೊಯ್ದ ಐದು ತೂತು.
ತರಗತಿಯೆಲ್ಲ ಮೂಗು ಮುಚ್ಚಿಕೊಂಡು ನಕ್ಕಿತು.
‘ತೂತು ಯಾಕೆ?’
‘ಕೈಗೆ ಹಾಕಿಕೊಳ್ಳೋಕೆ. ಪೆನ್ಸಿಲ್ ಹಿಡೀಬೇಕಲ್ಲ.’
‘ಒಳಗೆ ಕೂತು ಕೈಗೆ ಯಾಕೆ? ಒಲೆ ಇದೆಯಲ್ಲ?’

ನಾನು ಸುಮ್ಮನಿದ್ದೆ.
ಅಂಥ ಮೌನವನ್ನು ಮಕ್ಕಳು ಬೇಗ ಓದುತ್ತಾರೆ,
ಪಠ್ಯಪುಸ್ತಕಕ್ಕಿಂತ ಬೇಗ.
ಕೊನೆಯ ಸಾಲಿನ ಗದೀ, ಲೆಕ್ಕದಲ್ಲಿ ಸದಾ ಸೊನ್ನೆ,
ಎದ್ದು ಒಲೆಯ ಹಿಂದಿನ ಗಾಜಿನ ನಳಿಗೆಗೆ ಕಣ್ಣಿಟ್ಟ.
‘ನಾವೇ ಎಲ್ಲ ಉರಿಸಿಬಿಡ್ತೀವಿ,’ ಅಂದ.
ಬೈದ ಹಾಗೂ ಇರಲಿಲ್ಲ ಅದು, ಮರುಗಿದ ಹಾಗೂ.
ಹನ್ನೊಂದು ಗಂಟೆಗೆ ತಕ್ಲಾ ಹೋಗಿ ಕೀಲಿ ತಿರುವಿದಳು.
ಯೇಸುವಿನಾಣೆ, ನಾನು ಹೇಳಿಕೊಟ್ಟದ್ದಲ್ಲ.
ಕೊನೆಯ ಎರಡು ಪೀರಿಯಡ್ಡು ಕೋಟು ಹೊದ್ದು
ಬಾಯಿಂದ ಹೊಗೆ ಬಿಡುತ್ತ ವ್ಯಾಕರಣ ಓದಿದೆವು.

ಮರುದಿನ ಒಬ್ಬಳ ತಂದೆ ಬಂದು ಬಾಗಿಲಲ್ಲಿ ನಿಂತ:
‘ನನ್ನ ಮಗಳಿಗೆ ಕೆಮ್ಮು. ಇದು ಯಾವ ನ್ಯಾಯ?’
ಅವನ ಅಂಗಡಿ ಮುಚ್ಚಿ ಎರಡು ಚಳಿಗಾಲವಾಗಿದೆ.
ಕೂಗಲು ಅವನಿಗೆ ನನ್ನ ಬಾಗಿಲಲ್ಲದೆ ಇನ್ನೆಲ್ಲಿ ಜಾಗ?
ಮಗಳು ಹಿಂದಿನಿಂದ ಅವನ ಅಂಗಿ ಜಗ್ಗುತ್ತಿದ್ದಳು.
ಅವಳನ್ನು ಒಲೆಯ ಹತ್ತಿರದ ಬೆಂಚಿಗೆ ಸರಿಸಿದೆ.
ಬೇರೆ ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ.

ಮಧ್ಯಾಹ್ನ ಕೆಂಪು ಟೋಪಿಯವನು
ದಿನದ ಚಾಳಿಯಂತೆ ಒಲೆಗೆ ಒರಗಿದವನು
ಹೌಹಾರಿ ಹಿಂದೆ ಸರಿದ: ‘ಸುಡುತ್ತೆ!’
ಯಾರೋ ಮೋಸ ಮಾಡಿದರೆಂಬಂತೆ
ನನ್ನತ್ತ ನೋಡಿದ.

ಕಾಲುಚೀಲ ಎತ್ತಿ ತೋರಿಸಿದೆ. ಯಾರದೂ ಅಲ್ಲ.
ಎಲ್ಲರೂ ಬೂಟಿನ ತುದಿ ನೋಡಿಕೊಂಡರು.
ಒಲೆಯ ಪಕ್ಕದ ಕುರ್ಚಿಯ ಬೆನ್ನಿಗೆ ನೇತುಹಾಕಿ
ಕರಿಹಲಗೆಯತ್ತ ತಿರುಗಿದೆ, ಬೇಕೆಂದೇ ನಿಧಾನವಾಗಿ,
ಇಡೀ ದಿನಾಂಕವನ್ನು ಅಕ್ಷರದಲ್ಲಿ ಬರೆದೆ.

ತಿರುಗಿದಾಗ ಕುರ್ಚಿ ಬರಿದಾಗಿತ್ತು.

ನಾನು ಯಾರನ್ನೂ ಕ್ಷಮಿಸಿಲ್ಲ. ಕ್ಷಮೆಗೆ
ಈ ಮಕ್ಕಳು ಅರ್ಜಿ ಹಾಕಿಯೂ ಇರಲಿಲ್ಲ.
ಹಾಜರಿ ಪುಸ್ತಕ ತೆರೆದೆ,
ನಾಲ್ಕು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಓದಿದೆ:
ಉಬಾದಾ.
ಸಿದ್ರಾ.
ಮುಂತಹಾ.

ಮೂರನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು,
ಬೂದು ಉಣ್ಣೆಯೊಳಗಿಂದ
ಒಂದೊಂದಾಗಿ
ಐದು ಬೆರಳು.