ತಲೆಕಟ್ಟು

ಒಂದೇ ಪತ್ರಿಕೆಯನ್ನು ನಾನು ಎರಡು ಸಲ ಓದುತ್ತೇನೆ.
ರಾತ್ರಿ ಹನ್ನೊಂದಕ್ಕೆ ದುರ್ಗಿಗುಡಿಯ ಪ್ರೆಸ್ಸಿನಲ್ಲಿ,
ಕೆಂಪು ಪೆನ್ನು ಹಿಡಿದು,
ಅಲ್ಪಪ್ರಾಣ ಮಹಾಪ್ರಾಣಗಳ ಜಗಳ ಬಿಡಿಸುತ್ತ.
ಆಮೇಲೆ ಎರಡು ದಿನ ಬಿಟ್ಟು, ಬೆಳಿಗ್ಗೆ,
ಪಂಜರದ ತಳದಿಂದ ಎಳೆದು.

ಎರಡನೆಯ ಓದಿಗೆ ಪೆನ್ನು ಬೇಡ.
ನಿಧನ ವಾರ್ತೆಯ ಮೇಲೊಂದು ಬಿಳಿ ಸೊನ್ನೆ,
ಅಡಿಕೆ ಧಾರಣೆಯ ಪಟ್ಟಿಯಲ್ಲಿ ಹಸಿರು ಸುರುಳಿ,
ಸುತ್ತ ನೀರು ಒಣಗಿ ಉಬ್ಬಿದ ಕಾಗದ.
ಹಸಿರು, ಬಿಳಿ, ನೀರು ಮೂರೂ ಇದ್ದರೆ
ಸಂಚಿಕೆ ಸರಿಯಿದೆ ಎಂದು ಲೆಕ್ಕ.

ಕಾಕಟೀಲು. ಬೂದು ಮೈ,
ಕೆನ್ನೆಗೆ ಯಾರೋ ಕಿತ್ತಳೆ ಬಣ್ಣದಲ್ಲಿ ಹೆಬ್ಬೆಟ್ಟೊತ್ತಿದ ಗುರುತು.
ನೆತ್ತಿಯ ಜುಟ್ಟು ನೋಡಿ ಹೆಸರಿಟ್ಟೆ: ತಲೆಕಟ್ಟು.
ಬೆಚ್ಚಿದರೆ ನೆಟ್ಟಗೆ, ಸಿಟ್ಟಿಗೆ ಮಟ್ಟಸ,
ನಿದ್ದೆಗೆ ಓರೆ.

ವಾಸನೆ ಮೊದಲು ಬಡಿದದ್ದು ನನಗಲ್ಲ,
ಮಹಡಿಯ ಲವೀನಾಳಿಗೆ.
ಅವಳಿಗಾಗ ಮೂರು ತಿಂಗಳು.
ಎದುರು ಮನೆಯ ಒಗ್ಗರಣೆಗೆ ಇಂಗು ಬಿತ್ತೋ ಬೆಳ್ಳುಳ್ಳಿಯೋ
ಮೆಟ್ಟಿಲಲ್ಲೇ ನಿಂತು ಹೇಳುವಳು, ಹೇಳಿ ಓಕರಿಸುವಳು.
"ಮುಕ್ತಕ್ಕಾ, ನಿಮ್ಮಲ್ಲಿ ಏನೋ ಸತ್ತಿದೆ."
ಇಲಿಯಿರಬೇಕೆಂದು ಬೀರು ಸರಿಸಿದೆ, ಸಿಲಿಂಡರು ಸರಿಸಿದೆ.
ಮೂಗಿಗೆ ವೇಲು ಒತ್ತಿಕೊಂಡು ಅವಳೇ ಬಂದಳು,
ನೇರ ಪಂಜರದ ಮುಂದೆ ನಿಂತಳು.

ಬಗ್ಗಿದೆ.
ಇಪ್ಪತ್ತೆರಡು ವರ್ಷದ ಇಂಕು, ಸೀಮೆಎಣ್ಣೆ
ನನ್ನ ಮೂಗಿಗೆ ಉಳಿಸಿದ್ದು ಕಡಿಮೆ.
ಇನ್ನೂ ಬಗ್ಗಿದೆ. ಆಗ ಬಂತು,
ಡಬ್ಬಿಯಲ್ಲಿ ಮರೆತ ಮೂರು ದಿನದ ಹುರುಳಿಕಟ್ಟಿನಂತೆ
ಹುಳಿ, ಅದರಡಿ ಕೊಳೆ.
ಹಸಿರು ಸುರುಳಿ ಸುರುಳಿಯಾಗಿರಲಿಲ್ಲ,
ನಾನೇ ತಿದ್ದಿದ ತಲೆಬರಹದ ಮೇಲೆ ಹರಡಿಕೊಂಡಿತ್ತು.
ನಿನ್ನೆಯೂ ಹೀಗೇ ಇತ್ತು. ನೋಡಿದ್ದೆ.
ಓದಿರಲಿಲ್ಲ.

"ಹಿಕ್ಕೆ ನಾರದೆ ಮಲ್ಲಿಗೆ ಥರ ಘಮಘಮ ಅನ್ನುತ್ತಾ?"
ಬಾಡಿಗೆ ಎಣಿಸುತ್ತ ಅಂದರು ಓನರು ಗುರುಸಿದ್ದಪ್ಪ.
ಇಲ್ಲ, ಇದರದ್ದು ನಾರುತ್ತಿರಲಿಲ್ಲ.
ವಾಸನೆಯಿದ್ದದ್ದು ಮೈಗೆ:
ಹಳೇ ರಿಜಿಸ್ಟರು ಕೊಡವಿದರೆ ಏಳುವ ಪುಡಿಯದು.

ಪಶುವೈದ್ಯ ಕಾಲೇಜಿಗೆ ಫೋನು ಮಾಡಿದೆ.
"ತಾಜಾ ತನ್ನಿ, ಗಂಟೆಯೊಳಗೆ.
ಪೇಪರಿನಲ್ಲಿ ಸುತ್ತಬೇಡಿ, ಪೇಪರು ನೀರು ಕುಡಿಯುತ್ತದೆ."
ಒಂದು ಕೈಯಲ್ಲಿ ಟವೆಲು ಹೊದೆಸಿದ ಪಂಜರ,
ಇನ್ನೊಂದರಲ್ಲಿ ಅಮ್ಮನ ಕುಂಕುಮದ ಭರಣಿ.
ವಿನೋಬನಗರದ ಸಿಟಿ ಬಸ್ಸು.
"ಪ್ರಸಾದವಾ ಅಮ್ಮಾ?" ಕಂಡಕ್ಟರು.
ಹೌದೆಂದೆ. ಪಕ್ಕದ ಸೀಟು
ಮುಂದಿನ ಸ್ಟಾಪಿಗೇ ಖಾಲಿಯಾಯಿತು.

ಎಪ್ಪತ್ತಾರು ಗ್ರಾಂ.
ಡಾಕ್ಟರಮ್ಮ ನನ್ನ ಬೆರಳು ಹಿಡಿದು ಅದರ ಎದೆಗಿಟ್ಟರು,
ಗರಿಯಡಿ ಚಾಕುವಿನ ಬೆನ್ನು.
"ಹಕ್ಕಿ ಕಾಯಿಲೆ ಮುಚ್ಚಿಡುತ್ತದೆ.
ಕಾಡಲ್ಲಿ ತೋರಿಸಿದ್ದು ಉಳಿಯುವುದಿಲ್ಲ ನೋಡಿ.
ಏನು ತಿನ್ನಿಸುತ್ತೀರಿ?"
ಹೆಸರುಕಾಳು, ನೆನೆಸಿ, ಮೊಳಕೆ ಬರಿಸಿ ಎಂದೆ,
ಸ್ವಲ್ಪ ಹೆಮ್ಮೆಯಿಂದಲೇ.
"ಎಷ್ಟೊತ್ತಿಗೆ ಇಡುತ್ತೀರಿ?"
ನಾಲ್ಕಕ್ಕೆ, ಡ್ಯೂಟಿಗೆ ಹೊರಡುವಾಗ.
"ತೆಗೆಯುವುದು?"

ಆಷಾಢದ ಥಂಡಿಯಲ್ಲಿ, ಸಂಜೆ ನಾಲ್ಕರಿಂದ
ಬೆಳಿಗ್ಗೆ ಒಂಬತ್ತು.

ಮನೆಗೆ ಬಂದು ಸ್ಟೀಲು ಬಟ್ಟಲಿನ ಅಂಚಿನ ಮಡಿಕೆಯಲ್ಲಿ
ಉಗುರು ಆಡಿಸಿದೆ. ಲೋಳೆ ಬಂತು, ಅದೇ ವಾಸನೆ,
ಅಚ್ಚಿಗೆ ಹೋಗುವ ಮುಂಚಿನ ಮೂಲ ಪ್ರತಿ.
ಅದರಲ್ಲಿ ಅಕ್ಷರ ನನ್ನದೇ.

ಹತ್ತು ದಿನ ಎರಡೆರಡು ಹನಿ ಔಷಧಿ.
ರಾತ್ರಿ ಒಂದಕ್ಕೆ ಬಂದು ದೀಪ ಹಾಕದೆ ನಿಲ್ಲುತ್ತಿದ್ದೆ,
ಕಾಲು ಬದಲಿಸುವ ಸದ್ದಿಗೆ.
ಹದಿಮೂರನೆಯ ರಾತ್ರಿ ದೀಪ ಹಾಕಿದೆ,
ನೆತ್ತಿಯ ಮೇಲೆ ಗೀಟು ನೆಟ್ಟಗೆ ಎದ್ದಿತ್ತು.

ಈಗ ಕಾಗದ ದಿನಾ ಬದಲಿಸುತ್ತೇನೆ.
ಎತ್ತಿ, ಮೂಗಿಗೆ ಹಿಡಿದು, ಉಸಿರೆಳೆದುಕೊಳ್ಳುತ್ತೇನೆ:
ಇಂಕು, ಕಾಗದ, ಬೇರೇನಿಲ್ಲ.
ಅಷ್ಟು ಒಳ್ಳೆಯ ಸುದ್ದಿ ನಾವು ಅಚ್ಚು ಹಾಕುವುದು ಅಪರೂಪ.

ಲವೀನಾಳಿಗೆ ಹೆಣ್ಣು ಮಗು.
"ನನ್ನ ಮೂಗು ಹೋಯ್ತಕ್ಕಾ,
ಈಗ ಹಾಲು ಸೀದರೂ ತಿಳಿಯಲ್ಲ" ಎನ್ನುತ್ತಾಳೆ.
ಇವತ್ತು ಮೆಟ್ಟಿಲಿಳಿದು ಬಂದಳು,
ಕೈಯಲ್ಲಿ ಮಗುವಿನ ಬಟ್ಟೆ, ನಾಲ್ಕು ಮಡಿಕೆ.
"ಹಸಿರಾಗಿದೆ. ಒಂದು ಸಲ ನೋಡ್ತೀರಾ?"

ಕನ್ನಡಕ ತೆಗೆದಿಟ್ಟು
ಬಗ್ಗುತ್ತೇನೆ.